ಸ್ಟ್ರೈಕರ್ ತಪ್ಪಾ, ಸಾರ್?

ಪ್ರಶ್ನೆ: ಸಾರ್, ನಮ್ಮ ಟೀಮಿನ ಫುಟ್‌ಬಾಲ್ ಮ್ಯಾಚ್ ನೋಡಿದರೆ ಬಿಪಿ ಏರುತ್ತದೆ. ಮೈದಾನದ ಮಧ್ಯೆ, ಮಿಡ್‌ಫೀಲ್ಡ್‌ನಲ್ಲಿ, ಚೆಂಡು ಕಾರ್ಖಾನೆ ಗೇಟಲ್ಲಿ ಕಬ್ಬಿನ ಗಾಡಿ ನಿಂತ ಹಾಗೆ! ಗೋಲು ಹೊಡೆಯಬೇಕಾದ ಸ್ಟ್ರೈಕರ್‌ನನ್ನೇ ಬದಲಾಯಿಸಬೇಕು ಅಲ್ವಾ?
– ಒಬ್ಬ ಅಭಿಮಾನಿ, ಮಂಡ್ಯ

ಉತ್ತರ: ಪಾಪ, ಅವನನ್ನು ಬಿಡಿ. ಮಿಡ್‌ಫೀಲ್ಡರ್ ಚೆಂಡು ತಗೊಳ್ಳುವಾಗ ಯಾವ ಕಡೆ ತಿರುಗಿರುತ್ತಾನೆ ನೋಡಿ. ತನ್ನ ಗೋಲಿನ ಕಡೆಗೇ ಮುಖ ಮಾಡಿ ನಿಂತು, ಬೆನ್ನಿಗೆ ಎದುರಾಳಿ ಅಂಟಿಕೊಂಡರೆ ಹಿಂದಕ್ಕೆ ಕೊಡದೆ ಬೇರೆ ದಾರಿಯೇ ಇಲ್ಲ. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ನೋಡಿ, ಅರ್ಧ ತಿರುಗಿ ನಿಂತರೆ ಮುಂದಕ್ಕೆ ಆಡಬಹುದು, ಆದರೆ ಆಗ ಅಂಚಿನಲ್ಲಿ ಆಡುವ ವಿಂಗರ್‌ಗಳೂ ಎದುರಾಳಿ ಡಿಫೆನ್ಸ್ ದಾಟಿ ಅದರ ಹಿಂದಿನ ಜಾಗಕ್ಕೆ ಓಡಬೇಕು, ಸುಮ್ನೆ ನಿಂತು ಕಾಲಿಗೇ ಪಾಸ್ ಕೇಳಿದರೆ ಆಗಲ್ಲ. ಅದೂ ಬೇಡವಾ, ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ ಆದರೂ ನೆಟ್ಟಗೆ ಹೊಡೆಯಲಿ. 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಗೋವಾ ವಿರುದ್ಧ ಬೆಂಗಳೂರು ಗೆದ್ದದ್ದು ಕಾರ್ನರ್‌ನಿಂದಲೇ, 117ನೇ ನಿಮಿಷದಲ್ಲಿ. ಹೆಡ್ ಮಾಡಿದ್ದು ರಾಹುಲ್ ಭೇಕೆ, ಡಿಫೆಂಡರ್!