ಸಿಂಗಾಪುರದಿಂದ 3 ರಾತ್ರಿಯ ಕ್ರೂಸ್: ಪೆನಾಂಗ್‌ನಲ್ಲಿ ಸಿಗುವ ಒಂದು ದಿನ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು. ಬೆಂಗಳೂರಿನಿಂದ ಸಿಂಗಾಪುರಕ್ಕೆ ಬಂದು ಅಲ್ಲಿಂದ 3 ರಾತ್ರಿಯ ಕ್ರೂಸ್ ಹೋಗಬೇಕು ಅಂತಿದ್ದೀರಿ. ಜೊತೆಗೆ ಎಪ್ಪತ್ತರ ಆಸುಪಾಸಿನ ಅಪ್ಪ-ಅಮ್ಮ. ಅಮ್ಮನಿಗೆ ಮಂಡಿ ನೋವು. ಎಲ್ಲರೂ ವೆಜ್. ಹಡಗು ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಒಂದು ದಿನ ನಿಲ್ಲುತ್ತದೆ. ಹಡಗಿನವರ ಟೂರ್ ತಗೊಳ್ಳಬೇಕಾ, ನಾವೇ ಸುತ್ತಬಹುದಾ, ಇಷ್ಟು ದುಡ್ಡು ಹಾಕಿ ಹೋಗುವುದಕ್ಕೆ ಅರ್ಥ ಇದೆಯಾ?

ಖಂಡಿತ ಹೋಗಿ. ಟೂರ್ ಬೇಡ, ನೀವೇ ಇಳಿದು ಸುತ್ತಿ. ನಾವು ಸಿಂಗಾಪುರದಲ್ಲೇ ಇರುವುದರಿಂದ ಊರಿನಿಂದ ಬಂದವರನ್ನು ಈ ಕ್ರೂಸ್‌ಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯಲ್ಲಿ ರೂಢಿಯಾಗಿದೆ. ಅಪ್ಪ-ಅಮ್ಮನ ಜೊತೆ ಹೋಗಿದ್ದೇನೆ, ಅತ್ತೆ-ಮಾವನ ಜೊತೆಯೂ ಹೋಗಿದ್ದೇನೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಏನು ಬೇಕೋ ಅದನ್ನೇ ಹೇಳುತ್ತೇನೆ.

ಎಲ್ಲರೂ ಮೊದಲು ಕೇಳುವುದು ಯಾವ ಹಡಗು, ಎಷ್ಟು ಈಜುಕೊಳ, ಯಾವ ಶೋ ಅಂತ. ಸಣ್ಣ ಕ್ರೂಸ್‌ನಲ್ಲಿ ಅದಕ್ಕಿಂತ ಮುಖ್ಯವಾದದ್ದು ಹಡಗು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು. ಸಿಂಗಾಪುರದಿಂದ ಹೊರಡುವ ಸಣ್ಣ ಕ್ರೂಸ್‌ಗಳು ಸಾಮಾನ್ಯವಾಗಿ ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ಈ ಮೂರು ಕಡೆಗೆ ಹೋಗುತ್ತವೆ. ಜಾಹೀರಾತಿನಲ್ಲಿ ಕೌಲಾಲಂಪುರ ಅಂತ ಇದ್ದರೆ ಅದು ಪೋರ್ಟ್ ಕ್ಲಾಂಗ್ ಅಂತ ತಿಳಿದುಕೊಳ್ಳಿ. ಅಲ್ಲಿಂದ ಕೌಲಾಲಂಪುರ ಸುಮಾರು 40 ಕಿಲೋಮೀಟರ್. ಟ್ರಾಫಿಕ್‌ನಲ್ಲಿ ಹೋಗಿ ಬರುವುದರಲ್ಲೇ ದಿನದ ಒಂದು ದೊಡ್ಡ ಪಾಲು ಮುಗಿಯುತ್ತದೆ. ಫುಕೆಟ್‌ನ ಪಾಟಾಂಗ್ ಕಡೆ ದೊಡ್ಡ ಹಡಗು ಸಮುದ್ರದ ನಡುವೆಯೇ ಲಂಗರು ಹಾಕುತ್ತದೆ. ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಅಲೆಗೆ ದೋಣಿ ಮೇಲೆ ಕೆಳಗೆ ಆಡುತ್ತಿರುವಾಗ ಮಂಡಿ ನೋವಿನವರು ಕಾಲು ಎತ್ತಿ ಇಡುವುದು ಸುಲಭವಲ್ಲ. ಪೆನಾಂಗ್‌ನಲ್ಲಿ ಈ ಎರಡೂ ಕಷ್ಟವಿಲ್ಲ. ಹಡಗು ಪೆನಾಂಗ್‌ನ ಮುಖ್ಯ ಊರಾದ ಜಾರ್ಜ್ ಟೌನ್‌ನ ಸ್ವೆಟೆನ್‌ಹ್ಯಾಮ್ ಪಿಯರ್ ಅನ್ನುವ ಧಕ್ಕೆಗೇ ಬಂದು ನಿಲ್ಲುತ್ತದೆ. ಗೇಟು ದಾಟಿದರೆ ಊರು. ಅದಕ್ಕೇ ನಾನು ಯಾರು ಕೇಳಿದರೂ ಪೆನಾಂಗ್ ಕ್ರೂಸ್ ತಗೊಳ್ಳಿ ಅಂತಲೇ ಹೇಳುವುದು.

ಇನ್ನು ‘ಒಂದು ದಿನ’ ಅಂತ ಬರೆದಿದ್ದರೂ ನಿಮಗೆ ಸಿಗುವುದು ಅಷ್ಟಿರಲ್ಲ. ಸಿಂಗಾಪುರದಿಂದ ಪೆನಾಂಗ್‌ಗೆ ಮಲಾಕ್ಕಾ ಜಲಸಂಧಿಯಲ್ಲಿ ಸುಮಾರು 20 ಗಂಟೆಯ ಓಟ. ಸಂಜೆ ಹೊರಟ ಹಡಗು ಎಷ್ಟೋ ಸಲ ಮರುದಿನ ಮಧ್ಯಾಹ್ನ ತಲುಪಿ ರಾತ್ರಿ ಹೊರಡುತ್ತದೆ. ಬುಕ್ ಮಾಡುವ ಮುಂಚೆ ವೇಳಾಪಟ್ಟಿಯಲ್ಲಿ ಬಂದು ತಲುಪುವ ಗಂಟೆ, ಹೊರಡುವ ಗಂಟೆ ಎರಡನ್ನೂ ನೋಡಿ. ಒಂದೇ ದರಕ್ಕೆ ಎರಡು ತಾರೀಕು ಸಿಕ್ಕರೆ ಜಾಸ್ತಿ ಹೊತ್ತು ನಿಲ್ಲುವುದನ್ನೇ ಆರಿಸಿ. ಮಧ್ಯಾಹ್ನ ತಲುಪಿದರೆ ಬೇಜಾರು ಮಾಡಿಕೊಳ್ಳಬೇಡಿ. ಪೆನಾಂಗ್‌ನಲ್ಲಿ ವರ್ಷವಿಡೀ ಸೆಕೆ. ವಯಸ್ಸಾದವರಿಗೆ ನಾಲ್ಕು ಗಂಟೆಯ ಮೇಲೆ ಓಡಾಡುವುದೇ ಹಿತ.

ಹಡಗಿನವರ ಟೂರ್‌ನಲ್ಲಿ ಒಂದು ನಿಜವಾದ ಅನುಕೂಲ ಇದೆ. ಬಸ್ಸು ತಡವಾದರೆ ಹಡಗು ಅದಕ್ಕಾಗಿ ಕಾಯುತ್ತದೆ. ನೀವೇ ಹೋಗಿ ತಡ ಮಾಡಿದರೆ ಕಾಯುವುದಿಲ್ಲ, ಮುಂದಿನ ಊರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಿಕೊಳ್ಳಬೇಕು. ದೂರದ ಜಾಗಕ್ಕೆ ಹೋಗುವವರಿಗೆ ಇದು ದೊಡ್ಡ ವಿಷಯ. ಆದರೆ ಜಾರ್ಜ್ ಟೌನ್‌ನ ಹಳೇ ಪೇಟೆಯಲ್ಲಿ ನೀವು ಎಲ್ಲೇ ಇದ್ದರೂ ಗ್ರ್ಯಾಬ್ ಕಾರು (ಫೋನಿನ ಆ್ಯಪ್‌ನಲ್ಲಿ ಕರೆಸುವ ಟ್ಯಾಕ್ಸಿ) ಹಿಡಿದು ಬೇಗ ಧಕ್ಕೆಗೆ ವಾಪಸ್ಸು ಬರಬಹುದು. ಹಾಗಿರುವಾಗ ಗೈಡ್ ಹಿಡಿದ ಬಾವುಟದ ಹಿಂದೆ ಅಮ್ಮನನ್ನು ಓಡಿಸುವುದು ಯಾಕೆ? ಟೂರ್ ಬಸ್ಸಿನಲ್ಲಿ ಎಲ್ಲ ಕಡೆಯೂ ಹತ್ತು ನಿಮಿಷ ಮಾತ್ರ. ಕೂರೋಣ ಅನ್ನಿಸಿದ ಜಾಗದಲ್ಲಿ ಕೂರಲು ಬಿಡುವುದಿಲ್ಲ.

ಧಕ್ಕೆಯಿಂದ ಹೊರಗೆ ಬಂದ ತಕ್ಷಣ ಕಾಣುವುದು ಬಿಳಿ ಗಡಿಯಾರದ ಗೋಪುರ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾದ ನೆನಪಿಗೆ ಊರಿನ ಚೀನೀ ಸಾಹುಕಾರರೊಬ್ಬರು ಕಟ್ಟಿಸಿದ್ದು. ವರ್ಷಕ್ಕೊಂದು ಅಡಿಯಂತೆ 60 ಅಡಿ ಎತ್ತರ. ಕೆಳಗೆ ನಿಂತು ಸರಿಯಾಗಿ ನೋಡಿದರೆ ಸ್ವಲ್ಪ ವಾಲಿರುವುದು ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ಹತ್ತಿರ ಬಾಂಬು ಬಿದ್ದು ಹಾಗಾಯಿತು ಅಂತ ಹೇಳುತ್ತಾರೆ.

ಅದರ ಪಕ್ಕದಲ್ಲೇ ಕಾರ್ನ್‌ವಾಲಿಸ್ ಕೋಟೆ. ಒಳಗೆ ಹೋಗದಿದ್ದರೂ ನಡೆಯುತ್ತದೆ, ಆದರೆ ಹೆಸರು ಓದದೆ ಮುಂದೆ ಹೋಗಬೇಡಿ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಅದೇ ಕಾರ್ನ್‌ವಾಲಿಸ್. ಮುಂದಿನ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಅವನ ಇಬ್ಬರು ಗಂಡು ಮಕ್ಕಳನ್ನು ಒತ್ತೆಯಾಗಿ ಕರೆದುಕೊಂಡು ಹೋದವನು. ಈಸ್ಟ್ ಇಂಡಿಯಾ ಕಂಪನಿ ಪರವಾಗಿ ಫ್ರಾನ್ಸಿಸ್ ಲೈಟ್ ಈ ದ್ವೀಪವನ್ನು ಕೆಡಾದ ಸುಲ್ತಾನನಿಂದ ಪಡೆದದ್ದು 1786ರಲ್ಲಿ. ಅದೇ ವರ್ಷ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆದ, ಕೋಟೆಗೆ ಅವನ ಹೆಸರು. ಕೋಟೆಯ ಹೊರಗಿನ ಕಡಲ ದಂಡೆಯಿಂದ ಎದುರು ದಡ ಕಾಣುತ್ತದಲ್ಲ, ಅದನ್ನು ಕಂಪನಿ 1800ರಲ್ಲಿ ತಗೊಂಡು ಪ್ರಾವಿನ್ಸ್ ವೆಲ್ಲೆಸ್ಲಿ ಅಂತ ಕರೆಯಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯ ಹೆಸರು ಅದು. ನಮ್ಮ ಮಾವ ಮಂಡ್ಯದ ಕಡೆಯವರು. ಇದನ್ನು ಕೇಳಿದ ಮೇಲೆ ಅವರು ಆ ಗೋಡೆ ಪಕ್ಕದಿಂದ ಸುಲಭಕ್ಕೆ ಏಳಲಿಲ್ಲ. ನಮ್ಮ ನೆಲದಲ್ಲಿ ಗೆದ್ದವರ ಹೆಸರು ಸಮುದ್ರದ ಆಚೆ ಹೀಗೆ ಎದುರಾಗುವುದನ್ನು ಯಾವ ಟೂರ್ ಗೈಡೂ ಕನ್ನಡಿಗರಿಗೆ ಅಂತ ಹೇಳುವುದಿಲ್ಲ.

ಅಲ್ಲಿಂದ ಲಿಟಲ್ ಇಂಡಿಯಾಗೆ ಗ್ರ್ಯಾಬ್ ಮಾಡಿ. ನಡೆಯಬಹುದಾದ ದೂರವೇ, ಆದರೆ ಅಮ್ಮನ ಮಂಡಿಯ ಶಕ್ತಿಯನ್ನು ಅಲ್ಲಿಗೆ ಉಳಿಸಿಕೊಳ್ಳಿ. ಕ್ವೀನ್ ಸ್ಟ್ರೀಟ್‌ನಲ್ಲಿ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನ ಇದೆ. 1833ರಲ್ಲಿ ಕಟ್ಟಿದ್ದು, ಪೆನಾಂಗ್‌ನ ಅತ್ಯಂತ ಹಳೆಯ ಹಿಂದೂ ದೇವಸ್ಥಾನ. ನಡು ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ಸಂಜೆ ಹೊತ್ತಿಗೆ ಹೋಗಿ. ಹೂವಿನ ಅಂಗಡಿಯಲ್ಲಿ ಬಾಳೆಲೆಯ ಮೇಲೆ ಮಲ್ಲಿಗೆ ಮಾಲೆ ಸುತ್ತಿ, ನೀರು ಚಿಮುಕಿಸಿ ಇಟ್ಟಿರುತ್ತಾರೆ. ನಮ್ಮ ಅಮ್ಮ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಚೌಕಾಸಿ ಮಾಡಿದರು. ಅಂಗಡಿಯಾಕೆ ನಗುತ್ತಾ ಒಂದು ತುಂಡು ಮಾಲೆ ಜಾಸ್ತಿ ಕತ್ತರಿಸಿ ಅಮ್ಮನ ಜಡೆಗೆ ತಾವೇ ಮುಡಿಸಿದರು. ಆಮೇಲೆ ಇಬ್ಬರೂ ಮೊಮ್ಮಕ್ಕಳ ವಿಷಯ ಮಾತಾಡುತ್ತಾ ನಿಂತರು. ನಾವು ಅವಸರ ಮಾಡಲಿಲ್ಲ.

ಊಟಕ್ಕೆ ಇಲ್ಲಿ ಚಿಂತೆಯೇ ಇಲ್ಲ. ಪೆನಾಂಗ್ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟ್ ಸುತ್ತ ಶುದ್ಧ ವೆಜ್ ಹೋಟೆಲ್‌ಗಳಿವೆ. ದೋಸೆ, ಇಡ್ಲಿ, ಬಾಳೆಲೆ ಊಟ ಎಲ್ಲ ಸಿಗುತ್ತದೆ. ಹುಷಾರಾಗಿರಬೇಕಾದ್ದು ಬೀದಿ ಬದಿಯ ಮಲಯ್, ಚೀನೀ ತಿಂಡಿಗಳ ಬಗ್ಗೆ. ಅಲ್ಲಿ ‘ತರಕಾರಿ’ ಅಂದರೆ ಬರೀ ತರಕಾರಿ ಅಂತ ಅರ್ಥ ಅಲ್ಲ. ಬೆಲಾಚಾನ್ ಅಂತ ಒಣ ಸಿಗಡಿಯ ಪೇಸ್ಟ್ ಇದೆ, ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. ಹಣ್ಣು ಹೆಚ್ಚಿ ಮಾಡುವ ರೋಜಕ್‌ನ ಸಾಸ್‌ನಲ್ಲೂ ಸಿಗಡಿ ಇರುತ್ತದೆ. ‘ಬೆಲಾಚಾನ್ ಇದೆಯಾ’ ಅಂತ ಹೆಸರು ಹಿಡಿದೇ ಕೇಳಿ. ಊರಿಗೇ ಹೆಸರಾದ ಅಸ್ಸಾಂ ಲಕ್ಸಾ ಮೀನಿನ ಸಾರು, ಅದು ನಿಮಗಲ್ಲ.

ಆದರೆ ಚೆಂಡೋಲ್ ತಿನ್ನದೆ ವಾಪಸ್ಸು ಬರಬೇಡಿ. ಪೆನಾಂಗ್ ರೋಡ್‌ನಿಂದ ಒಳಗೆ ಹೋಗುವ ಕೆಂಗ್ ಕ್ವೀ ಗಲ್ಲಿಯಲ್ಲಿ ತಳ್ಳುಗಾಡಿಯ ಮುಂದೆ ಸಾಲು ಇರುತ್ತದೆ. ಬಟ್ಟಲಿಗೆ ತುರಿದ ಐಸ್, ಅದರ ಮೇಲೆ ಪಾಂಡನ್ ಎಲೆಯ ರಸದಲ್ಲಿ ಮಾಡಿದ ಹಸಿರು ಎಳೆಗಳು, ಒತ್ತು ಶಾವಿಗೆ ತುಂಡು ಮಾಡಿದ ಹಾಗೆ. ಬೇಯಿಸಿದ ರಾಜ್ಮಾ, ತೆಂಗಿನ ಹಾಲು, ಕೊನೆಗೆ ತಾಳೆ ಬೆಲ್ಲದ ಕಪ್ಪು ಪಾಕ. ಮೊದಲು ಕಲಸದೆ ಒಂದು ಚಮಚ ತಿಂದು ನೋಡಿ. ಬೆಲ್ಲ ಹೊಗೆಯ ವಾಸನೆಯೊಂದಿಗೆ ನಾಲಿಗೆಗೆ ಹತ್ತುತ್ತದೆ, ಹಿಂದೆಯೇ ಕಾಯಿ ಹಾಲಿನ ತಂಪು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ ಒಂದು ಬಟ್ಟಲು ಹಂಚಿಕೊಳ್ಳಿ. ಜಾಯಿಕಾಯಿ ಜ್ಯೂಸ್ ಕೂಡ ಇಲ್ಲಿಯ ವಿಶೇಷ. ನಮ್ಮ ಶಿರಸಿ, ಪುತ್ತೂರಿನ ತೋಟಗಳಲ್ಲಿ ಜಾಯಿಕಾಯಿ ಸಿಪ್ಪೆಗೆ ಉಪ್ಪಿನಕಾಯಿ ಹಾಕುತ್ತಾರಲ್ಲ, ಅದೇ ತಿರುಳಿನಿಂದ ಇಲ್ಲಿ ಪಾನಕ ಮಾಡುತ್ತಾರೆ.

ಇನ್ನೂ ಸಮಯ, ಶಕ್ತಿ ಇದ್ದರೆ ಕಪಿತಾನ್ ಕೆಲಿಂಗ್ ಮಸೀದಿ ರಸ್ತೆಯಲ್ಲಿ ನಿಧಾನಕ್ಕೆ ಸಾಗಿ. ಇಗರ್ಜಿ, ಚೀನೀಯರ ಕರುಣಾ ದೇವಿಯ ಗುಡಿ, ಮಾರಿಯಮ್ಮನ ಗುಡಿಯ ಹಿಂಬದಿ, ಮಸೀದಿ ಎಲ್ಲ ಒಂದೇ ರಸ್ತೆಯಲ್ಲಿ ಬರುತ್ತವೆ. ತುದಿಯಲ್ಲಿ ಆರ್ಮೇನಿಯನ್ ಸ್ಟ್ರೀಟ್. ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಜಕಾರೆವಿಚ್ 2012ರಲ್ಲಿ ಗೋಡೆ ಮೇಲೆ ಇಬ್ಬರು ಮಕ್ಕಳನ್ನು ಬಿಡಿಸಿ, ಅವರಿಗೆ ನಿಜವಾದ ಸೈಕಲ್ಲನ್ನೇ ಗೋಡೆಗೆ ಜೋಡಿಸಿದ್ದಾರೆ. ಫೋಟೋಗೆ ಸಾಲು ಇರುತ್ತದೆ. ನೀರಿನ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಚ್ಯೂ ಜೆಟ್ಟಿಯ ಮನೆಗಳೂ ಹತ್ತಿರ. ಅಲ್ಲಿ ಜನ ವಾಸ ಮಾಡುತ್ತಾರೆ, ಬಾಗಿಲೊಳಗೆ ಕ್ಯಾಮೆರಾ ಹಿಡಿಯಬೇಡಿ. ಹಲಗೆಯ ದಾರಿ ಏರುಪೇರಾಗಿದೆ, ಅಮ್ಮನಿಗೆ ಬೇಡ ಅನ್ನಿಸಿದರೆ ಬಿಡಿ.

ಪೆನಾಂಗ್ ಹಿಲ್ ಮಾತ್ರ ಈ ಸಲ ಬೇಡ. 1923ರಿಂದ ಓಡುತ್ತಿರುವ ಬೆಟ್ಟದ ರೈಲು ಚೆನ್ನಾಗಿದೆ, ನಿಜ. ಆದರೆ ಅದು ಊರಿನ ಆಚೆ ಆಯರ್ ಇತಾಮ್‌ನಲ್ಲಿದೆ, ಹೋಗಿ ಸಾಲಿನಲ್ಲಿ ನಿಂತು ಹತ್ತಿ ಇಳಿಯುವಷ್ಟರಲ್ಲಿ ನಿಮ್ಮ ದಿನ ಮುಗಿಯುತ್ತದೆ. ಕೆಕ್ ಲೊಕ್ ಸಿ ಬೌದ್ಧ ದೇವಾಲಯವೂ ಅದೇ ಕಡೆ, ಅಲ್ಲಿ ಮೆಟ್ಟಿಲೂ ಜಾಸ್ತಿ. ಬೆಟ್ಟ ನೋಡಲೇಬೇಕು ಅಂದರೆ ಇನ್ನೊಮ್ಮೆ ವಿಮಾನದಲ್ಲಿ ಬಂದು ಎರಡು ದಿನ ಉಳಿಯಿರಿ.

ವಾಪಸ್ಸು ಹತ್ತಬೇಕಾದ ಗಂಟೆ ಬೇರೆ, ಹಡಗು ಹೊರಡುವ ಗಂಟೆ ಬೇರೆ. ಹತ್ತುವ ಗಡುವು ಮುಂಚೆಯೇ ಇರುತ್ತದೆ. ಇಳಿಯುವಾಗ ಬಾಗಿಲ ಹತ್ತಿರ ಬರೆದಿರುತ್ತಾರೆ, ಅದರ ಫೋಟೋ ತೆಗೆದುಕೊಳ್ಳಿ. ಸಾವಿರಾರು ಜನ ಒಟ್ಟಿಗೆ ಇಳಿಯುವುದರಿಂದ ಮೊದಲ ಅರ್ಧ ಗಂಟೆ ನೂಕುನುಗ್ಗಲು. ಸ್ವಲ್ಪ ತಡೆದು ಇಳಿದರೆ ಅಮ್ಮನಿಗೆ ನಿಲ್ಲುವ ಕಷ್ಟ ತಪ್ಪುತ್ತದೆ. ಕೊಡೆ ಇರಲಿ, ಸಂಜೆ ಮಳೆ ಸಾಮಾನ್ಯ. ಮಲೇಷ್ಯಾದ ಹಣ ರಿಂಗಿಟ್ ಸ್ವಲ್ಪ ನಗದು ಇಟ್ಟುಕೊಳ್ಳಿ.

ಕಾಗದ ಪತ್ರದಲ್ಲಿ ಒಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಹಡಗು ಸಿಂಗಾಪುರಕ್ಕೆ ಮರಳಿದಾಗ ಅದು ಹೊಸ ಪ್ರವೇಶ ಅಂತ ಲೆಕ್ಕ. ಹಾಗಾಗಿ ನಿಮ್ಮ ಸಿಂಗಾಪುರ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದಾಗಿರಬೇಕು. ಆಗಮನದ ಡಿಜಿಟಲ್ ಕಾರ್ಡನ್ನೂ ಇನ್ನೊಮ್ಮೆ ತುಂಬಬೇಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ಇಲ್ಲದೆ ಬಿಡುತ್ತಿದೆ, ಅವರದೂ ಒಂದು ಡಿಜಿಟಲ್ ಕಾರ್ಡ್ ಇದೆ. ಹೊರಡುವ ವಾರ ಎರಡೂ ದೇಶದ ಸರ್ಕಾರಿ ಜಾಲತಾಣ ನೋಡಿಕೊಳ್ಳಿ, ಏಜೆಂಟ್ ಮಾತು ಒಂದನ್ನೇ ನಂಬಬೇಡಿ.

ದುಡ್ಡಿನ ವಿಷಯ. ಟಿಕೆಟ್‌ನಲ್ಲಿ ಕೋಣೆ, ಮಾಮೂಲಿ ಊಟ ತಿಂಡಿ, ಶೋಗಳು ಸೇರಿರುತ್ತವೆ. ವೈಫೈ, ತಂಪು ಪಾನೀಯ, ವಿಶೇಷ ರೆಸ್ಟೋರೆಂಟ್ ಬೇರೆ. ಸಿಬ್ಬಂದಿಯ ಟಿಪ್ಸ್ ತಲೆಗೆ ದಿನಕ್ಕೆ ಇಷ್ಟು ಅಂತ ಹೆಚ್ಚಿನ ಹಡಗುಗಳಲ್ಲಿ ತಾನಾಗಿ ಬಿಲ್ಲಿಗೆ ಸೇರುತ್ತದೆ. ನಾಲ್ಕು ಜನಕ್ಕೆ ಅದೇ ದೊಡ್ಡ ಮೊತ್ತ, ಮೊದಲೇ ಲೆಕ್ಕ ಹಾಕಿ. ಹಡಗು ಹತ್ತಿದ ಕೂಡಲೇ ಎಲ್ಲರ ಫೋನನ್ನೂ ಫ್ಲೈಟ್ ಮೋಡ್‌ಗೆ ಹಾಕಿ. ನಡು ಸಮುದ್ರದಲ್ಲಿ ಫೋನ್ ಹಡಗಿನ ನೆಟ್‌ವರ್ಕ್ ಹಿಡಿದುಕೊಂಡರೆ ರೋಮಿಂಗ್ ಬಿಲ್ ನೋಡಿ ಅಪ್ಪನಿಗೆ ಪ್ರವಾಸದ ಖುಷಿಯೇ ಹೋಗುತ್ತದೆ.

ಸಮುದ್ರ ಹೆದರಿಸುವಂಥದ್ದಲ್ಲ. ಸುಮಾತ್ರಾ ದ್ವೀಪ ಒಂದು ಕಡೆ ಅಡ್ಡ ಇರುವುದರಿಂದ ಮಲಾಕ್ಕಾ ಜಲಸಂಧಿಯಲ್ಲಿ ಅಲೆ ಸಾಮಾನ್ಯವಾಗಿ ಕಡಿಮೆ. ಆದರೂ ಹಡಗಿನ ಮಧ್ಯ ಭಾಗದ, ಕೆಳಗಿನ ಮಹಡಿಯ ಕೋಣೆ ಕೇಳಿ, ಲಿಫ್ಟ್‌ಗೆ ಹತ್ತಿರ ಇದ್ದರೆ ಅಮ್ಮನಿಗೆ ಅನುಕೂಲ. ವಾಂತಿ ಮಾತ್ರೆಯನ್ನು ಅವರ ಡಾಕ್ಟರನ್ನು ಕೇಳಿಯೇ ತನ್ನಿ. ಹತ್ತಿ ಇಳಿಯುವಾಗ ವೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ವೆಜ್ ಅಂತಲೂ ಆಗಲೇ ಬರೆಸಿ. ಸಿಂಗಾಪುರದ ಹಡಗುಗಳಲ್ಲಿ ಭಾರತೀಯರು ಜಾಸ್ತಿ, ಬಫೆಯಲ್ಲಿ ಅನ್ನ, ದಾಲ್, ಪಲ್ಯ ಸಿಗುತ್ತದೆ. ಮೊಸರನ್ನ ಬೇಕು ಅಂದರೆ ಅನ್ನಕ್ಕೆ ಮೊಸರು ಹಾಕಿಕೊಂಡು ಕಲಸಿಕೊಳ್ಳಬೇಕು ಅಷ್ಟೇ.

ಹೊರಡುವ ಮುಂಚೆ ಸುರಕ್ಷತಾ ಡ್ರಿಲ್ ಇರುತ್ತದೆ, ಅದನ್ನು ಅಪ್ಪ-ಅಮ್ಮನಿಗೂ ಸರಿಯಾಗಿ ಮಾಡಿಸಿ, ಲೈಫ್ ಜಾಕೆಟ್ ಎಲ್ಲಿದೆ ಅಂತ ತೋರಿಸಿ. ಟರ್ಮಿನಲ್‌ನಲ್ಲಿ ಕೊಟ್ಟ ದೊಡ್ಡ ಸೂಟ್‌ಕೇಸ್ ಕೋಣೆಗೆ ಬರುವಾಗ ಸಂಜೆಯಾಗಬಹುದು. ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿ ಪೆಟ್ಟಿಗೆ, ಅನ್ನದ ಕುಕ್ಕರ್, ನೀರು ಕಾಯಿಸುವ ಕೆಟಲ್ ತರಬೇಡಿ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ನಿಮ್ಮ ಹಡಗು ಪೆನಾಂಗ್‌ಗೆ ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೊರಡುತ್ತದೆ ಅಂತ ಇಲ್ಲಿ ಬರೆಯಿರಿ. ಅದಕ್ಕೆ ತಕ್ಕ ಹಾಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುತ್ತೇನೆ.