ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ತಾನಾಗಿ ಓಡಲು ಏನು ಬೇಕು?

ಪ್ರಶ್ನೆ: ನಮ್ಮದು ಕುವೆಂಪುನಗರದಲ್ಲಿ ಹಳೇ ಮನೆ. ಸ್ನಾನ ಆದಮೇಲೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಲು ಯಾರಿಗೂ ನೆನಪಾಗುವುದಿಲ್ಲ, ಹಾಕಿದರೆ ಆರಿಸುವುದಿಲ್ಲ. ಚಾವಣಿಗೆ ಕಪ್ಪು ಬೂಷ್ಟು ಹಿಡಿದಿದೆ. ಹಬೆ ಎದ್ದಾಗ ತಾನೇ ಓಡುವಂತೆ ಮಾಡಬಹುದೇ? ಮನೆಯಲ್ಲಿ ವಯಸ್ಸಾದವರಿದ್ದಾರೆ, ಗೋಡೆಯ ಸ್ವಿಚ್ಚೂ ಉಳಿಯಬೇಕು.
(ಓದುಗರೊಬ್ಬರು, ಮೈಸೂರು)

ಉತ್ತರ: ಫ್ಯಾನ್ ಬದಲಿಸಬೇಕಿಲ್ಲ, ಸ್ವಿಚ್ಚಿನ ಹಿಂದೆ ಕೂರುವ 10 ಆಂಪ್ ರಿಲೇ ಮಾಡ್ಯೂಲ್ (ತೇವಾಂಶದ ಸೆನ್ಸರ್ ಹೇಳಿದಾಗ ಫ್ಯಾನಿಗೆ ಕರೆಂಟ್ ಕೊಡುವ ಪುಟ್ಟ ಪೆಟ್ಟಿಗೆ) ಸಾಕು. ಅದು ಕೆಲಸ ಮಾಡಲು ಫೇಸ್ ಜೊತೆಗೆ ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ವೈರೂ ಬೇಕು. ಆದರೆ ಕೊಳ್ಳುವ ಮೊದಲು ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಬೋರ್ಡ್ ಬಿಚ್ಚಿಸಿ ನೋಡಿ. ಬೋರ್ಡಿನಲ್ಲಿ 5 ಆಂಪ್ ಸಾಕೆಟ್ ಇದ್ದರೆ ನ್ಯೂಟ್ರಲ್ ಅಲ್ಲಿಯೇ ಸಿಗುತ್ತದೆ. ಹಳೇ ಮನೆಗಳಲ್ಲಿ ಬಚ್ಚಲ ಬಾಗಿಲ ಪಕ್ಕದ ಬೋರ್ಡಿಗೆ ಬರೀ ಫೇಸ್ ಬಂದು, ನ್ಯೂಟ್ರಲ್ ನೇರವಾಗಿ ಮೇಲೆ ಹೋಗಿರುತ್ತದೆ. ಹಾಗಿದ್ದರೆ ಅದೇ ಸರ್ಕ್ಯೂಟಿನ ನ್ಯೂಟ್ರಲ್‌ನಿಂದ 1 ಚದರ ಮಿ.ಮೀ. ಕಪ್ಪು ವೈರು ಎಳೆಸಿ. ಅರ್ತ್ ವೈರನ್ನು ನ್ಯೂಟ್ರಲ್ ಮಾಡಲು ಯಾರು ಹೇಳಿದರೂ ಒಪ್ಪಬೇಡಿ: ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್ಚು) ಟ್ರಿಪ್ ಆಗುತ್ತದೆ, ಅದಿಲ್ಲದ ಮನೆಯಲ್ಲಿ ಗೀಸರಿನ ಮೈಗೇ ಕರೆಂಟ್ ಬರಬಹುದು. ನ್ಯೂಟ್ರಲ್ ಬೇಡದ ಮಾಡ್ಯೂಲುಗಳೂ ಸಿಗುತ್ತವೆ. ಅವು ತಮಗೆ ಬೇಕಾದ ಕರೆಂಟನ್ನು ಫ್ಯಾನಿನ ಮೂಲಕವೇ ಎಳೆಯುವುದರಿಂದ, ಇಷ್ಟು ಸಣ್ಣ ಮೋಟಾರಿನಲ್ಲಿ ಆಫ್ ಇದ್ದಾಗಲೂ ಗುಂಯ್‌ಗುಡುವ ಸದ್ದು ಬರಬಹುದು. ನಾವು ಸಲಹೆ ಮಾಡುವುದಿಲ್ಲ.

ಗೋಡೆಯ ಸ್ವಿಚ್ಚು ಉಳಿಯಬೇಕೆಂದಿದ್ದೀರಿ, ಅದು ಸರಿಯಾದ ಹಟ. ಮಾಡ್ಯೂಲಿನ ಮೇಲಿನ ಎಸ್1, ಎಸ್2 ತುದಿಗಳಿಗೆ ಆ ಸ್ವಿಚ್ಚಿನ ಎರಡು ಕಾಲು ಹೋಗುತ್ತವೆ. ಎಡವುವುದು ಇಲ್ಲೇ. ಕೆಲವು ಮಾಡ್ಯೂಲುಗಳಲ್ಲಿ ಈ ತುದಿಗಳಿಗೆ ಫೇಸ್ ಮುಟ್ಟಲೇಬಾರದು, ಮುಟ್ಟಿದ ಕ್ಷಣವೇ ಸುಡುತ್ತದೆ. ಇನ್ನು ಕೆಲವಕ್ಕೆ ಫೇಸೇ ಬೇಕು. ಮಾಡ್ಯೂಲಿನ ಮೈಮೇಲಿನ ಚಿತ್ರ ನೋಡಿಯೇ ಜೋಡಿಸಿ. ಮೊದಲನೆಯ ಬಗೆಯಾದರೆ ಸ್ವಿಚ್ಚಿನ ಹಳೇ ಫೇಸ್ ವೈರನ್ನು ಬಿಡಿಸಿ ಮಾಡ್ಯೂಲಿನ ಫೇಸ್ ತುದಿಗೆ ಕೊಡಿ. ಮೋಟಾರ್ ಆಫ್ ಆಗುವಾಗ ರಿಲೇಯಲ್ಲಿ ಕಿಡಿ ಹಾರಿ, ಕಾಲಕ್ರಮೇಣ ಕಾಂಟ್ಯಾಕ್ಟ್ ಅಂಟಿಕೊಂಡು ಫ್ಯಾನ್ ನಿಲ್ಲದಂತಾಗುವುದುಂಟು. 0.1 ಮೈಕ್ರೋಫ್ಯಾರಡ್, 100 ಓಮ್‌ನ ಸ್ನಬ್ಬರನ್ನು (ಕೆಪ್ಯಾಸಿಟರ್, ರೆಸಿಸ್ಟರ್ ಸೇರಿದ ಪುಟ್ಟ ಬಿಡಿಭಾಗ) ಫ್ಯಾನಿನ ಎರಡು ವೈರುಗಳ ನಡುವೆ ಹಾಕಿಸಿದರೆ ಆ ಕಿಡಿ ತಗ್ಗುತ್ತದೆ.

ಈಗ ತೇವಾಂಶದ ಸೆನ್ಸರ್. ಷವರ್‌ನ ನೇರಕ್ಕಾಗಲಿ ಫ್ಯಾನಿನ ಪಕ್ಕಕ್ಕಾಗಲಿ ಬೇಡ, ಎದೆಮಟ್ಟಕ್ಕಿಂತ ಮೇಲೆ, ನೀರು ಸಿಡಿಯದ ಗೋಡೆಗೆ ಅಂಟಿಸಿ. ಶೇ 75 ದಾಟಿದರೆ ಆನ್, 65ಕ್ಕೆ ಇಳಿದರೆ ಆಫ್ ಎಂಬ ಲೆಕ್ಕ ಮಾರ್ಚ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಜುಲೈ ಮುಂಜಾನೆ ಮೈಸೂರಿನ ಹೊರಗಾಳಿಯೇ ಶೇ 80 ದಾಟಿರುತ್ತದಲ್ಲ, ಆಗ 65 ಬರುವುದೇ ಇಲ್ಲ, ಫ್ಯಾನ್ ದಿನವಿಡೀ ಓಡುತ್ತದೆ. ಆದ್ದರಿಂದ ಸೆನ್ಸರನ್ನು ಆನ್ ಮಾಡಲಷ್ಟೇ ಬಳಸಿ (ಮಳೆಗಾಲದಲ್ಲಿ ಶೇ 90 ಇಡಿ), ಆರಿಸುವ ಕೆಲಸ ಮಾಡ್ಯೂಲಿನೊಳಗಿನ ಟೈಮರಿಗೆ ಬಿಡಿ. 25 ನಿಮಿಷ ಸಾಕು. ವೈಫೈ ಇಲ್ಲದಿದ್ದರೂ ಈ ಟೈಮರ್ ಓಡುವಂಥ ಮಾಡ್ಯೂಲನ್ನೇ ಕೇಳಿ ಕೊಳ್ಳಿ. ವೈಫೈ ಮಾಡ್ಯೂಲುಗಳಿಗೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಸಿಗ್ನಲ್ಲೇ ಬೇಕು. ಕರೆಂಟ್ ಹೋಗಿ ಬಂದಾಗ ‘ಆಫ್’ ಇರುವಂತೆ ಸೆಟ್ ಮಾಡಿ.

ಇಷ್ಟೆಲ್ಲ ಆದಮೇಲೂ ಗಾಳಿ ಒಳಬರದಿದ್ದರೆ ಹಬೆ ಹೋಗದು. ಬಾಗಿಲ ಕೆಳಗೆ 2 ಸೆಂ.ಮೀ. ಸಂದಿರಲಿ, ಫ್ಯಾನಿನ ಪಕ್ಕದ ಕಿಟಕಿ ಮುಚ್ಚಿರಲಿ, ಇಲ್ಲದಿದ್ದರೆ ಫ್ಯಾನ್ ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತದೆ. ಬಾಗಿಲು ಹಾಕಿ, ಹೊರಗೆ ನಿಂತು ಸಂದಿಯ ಬಳಿ ಟಿಶ್ಯೂ ಕಾಗದ ಹಿಡಿಯಿರಿ. ಅದು ಒಳಕ್ಕೆ ಬಾಗಬೇಕು.

ಪ್ರಶ್ನೆ: ನಮ್ಮ ಗ್ಯಾಸ್ ಗೀಸರ್ ಬಚ್ಚಲೊಳಗೇ ಇದೆ. ಫ್ಯಾನ್ ತಾನಾಗಿ ಓಡಿದರೆ ಅಪಾಯ ತಪ್ಪುತ್ತದೆಯೇ?
(ಓದುಗರೊಬ್ಬರು, ಮಂಡ್ಯ)

ಉತ್ತರ: ಇಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ತೇವಾಂಶದ ಸೆನ್ಸರಿಗೆ ಅದು ತಿಳಿಯುವುದೂ ಇಲ್ಲ. ಗಾಳಿ ಬರುವ ದಾರಿ ಇಲ್ಲದ ಕೋಣೆಯಲ್ಲಿ ಫ್ಯಾನ್ ಓಡಿದರೆ, ಹೊಗೆಕೊಳವೆಯಿಂದ ಹೊರಹೋಗಬೇಕಾದ ಅನಿಲ ವಾಪಸ್ ಒಳಗೇ ಬರಬಹುದು. ಗೀಸರನ್ನು ಹೊರಗಿನ ತೆರೆದ ಜಾಗಕ್ಕೆ ಹಾಕಿಸಿ, ಬಿಸಿನೀರನ್ನು ಪೈಪಿನಲ್ಲಿ ಒಳಗೆ ತನ್ನಿ. ಈ ವಾರವೇ ಮಾಡಿಸಿ. ಅಲ್ಲಿಯವರೆಗೆ ಕಿಟಕಿ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ.