ಕಾರ್ಡಿನ ತಾರೀಕು ನೀನೇ ನೋಡಿಕೋ

ಪೆರ್ಲದ ತಂಗೀ,

ನಿನ್ನ ಪ್ರಶ್ನೆ ಓದಿದೆ. ಮದುವೆಯಾಗಿ ಜರ್ಮನಿಗೆ ಬಂದು ಎರಡು ವರ್ಷ ಆಗ್ತಾ ಬಂತು, ಗಂಡನ ಜೊತೆ ಇರಲು ಕೊಟ್ಟ ಪರ್ಮಿಟ್ ಇನ್ನು ಹತ್ತು ವಾರಕ್ಕೆ ಮುಗಿಯುತ್ತದೆ, ವಿದೇಶಿಯರ ಪರ್ಮಿಟ್ ನೋಡುವ ಆಫೀಸಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲ, ಗಂಡ "ನಾನು ನೋಡಿಕೊಳ್ತೇನೆ" ಅನ್ನುತ್ತಾರೆ, ಅಮ್ಮ ಹೆರಿಗೆಗೆ ಊರಿಗೆ ಬಾ ಅಂತ ಕರೆಯುತ್ತಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀ.

ನಾನು ಈಗ ರಜೆಗೆ ನೀರ್ಚಾಲಿನ ತವರಿನಲ್ಲಿದ್ದೇನೆ. ಹೊರಗೆ ಮಳೆ, ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷದಿಂದ ಜರ್ಮನಿಯಲ್ಲಿದ್ದೇನೆ, ಪರ್ಮಿಟ್ ಅಂತ ಕೊಡುವ ಆ ಕಾರ್ಡನ್ನು ಹಲವು ಸಲ ನವೀಕರಿಸಿದ್ದೇನೆ. ಅದರಿಂದ ಕಲಿತದ್ದು ಇಷ್ಟು: ಆ ಕಾರ್ಡು ಗಂಡನ ಕೆಲಸದಿಂದ ಬಂದದ್ದಾದರೂ ಅದರ ಮೇಲಿರುವುದು ನಿನ್ನ ಮುಖ. ಕೆಲಸವೂ ನಿನ್ನದೇ.

ಮೊದಲು ಅರ್ಜಿ. ಅಪಾಯಿಂಟ್‌ಮೆಂಟ್ ಸಿಗುವವರೆಗೆ ಕಾಯಬೇಡ. ನಿಮ್ಮ ಊರಿನ ಆಫೀಸಿಗೆ ಆನ್‌ಲೈನ್ ಅರ್ಜಿ ಇದ್ದರೆ ಅದನ್ನು ತುಂಬು. ಇಲ್ಲದಿದ್ದರೆ ನವೀಕರಣದ ಅರ್ಜಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸು, ರಸೀದಿ ಎತ್ತಿಡು. ಕಾರ್ಡ್ ಮುಗಿಯುವ ಮೊದಲೇ ಅರ್ಜಿ ಹೋಗಿದ್ದರೆ, ಅವರು ತೀರ್ಮಾನ ಹೇಳುವವರೆಗೆ ಹಳೆಯ ಪರ್ಮಿಟ್ ಮುಂದುವರಿದಂತೆಯೇ ಲೆಕ್ಕ. ಕೆಲಸಕ್ಕೂ ಹೋಗಬಹುದು. ಅಲ್ಲಿನ ವಾಸ ಕಾನೂನಿನ 81ನೇ ಕಲಂ ಹೇಳುವುದು ಅದನ್ನೇ. ತಾರೀಕು ದಾಟಿ ಕೊಟ್ಟರೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ, ಅಧಿಕಾರಿ ಮನಸ್ಸು ಮಾಡಬೇಕು.

ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ ಅಪಾಯಿಂಟ್‌ಮೆಂಟ್ ಬುಕ್ ಮಾಡಿದೆವು, ಅದೇ ಅರ್ಜಿ ಅಂದುಕೊಂಡೆವು. ಕಾರ್ಡ್ ಮುಗಿದ ಮರುದಿನ ಕೆಲಸದ ಜಾಗದಲ್ಲಿ "ಹೊಸದು ಎಲ್ಲಿ?" ಅಂತ ಕೇಳಿದರು. ಕೈಯಲ್ಲಿ ಏನೂ ಇರಲಿಲ್ಲ. ಐದು ವಾರ ಮನೆಯಲ್ಲಿ ಕೂತೆ, ಸಂಬಳ ಇಲ್ಲ. ಗಂಡನ ಮೇಲೆ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಆ ತಾರೀಕನ್ನು ನಾನೂ ಓದಬಹುದಿತ್ತಲ್ಲ.

ಅರ್ಜಿ ಕೊಟ್ಟ ಮೇಲೆ ಫಿಕ್ಷನ್ಸ್‌ಬೆಶಾಯ್ನಿಗುಂಗ್, ಅಂದರೆ ತೀರ್ಮಾನ ಬರುವವರೆಗಿನ ತಾತ್ಕಾಲಿಕ ಕಾಗದ, ಬೇಕು ಅಂತ ಬಾಯಿಬಿಟ್ಟು ಕೇಳು. ಬಂದ ಕೂಡಲೇ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡು. 81ನೇ ಕಲಮಿನ 4ನೇ ಉಪಕಲಮಿನ ಎದುರು ಗುರುತಿದ್ದರೆ ಊರಿಗೆ ಬಂದು ಹಿಂದೆ ಹೋಗಬಹುದು. 3ನೇ ಉಪಕಲಂ ಆದರೆ ಹೋದವರಿಗೆ ಒಳಗೆ ಬರಲು ಆಗುವುದಿಲ್ಲ. ಪ್ರಯಾಣದ ದಿನ ಪಾಸ್‌ಪೋರ್ಟ್, ಮುಗಿದ ಕಾರ್ಡ್, ಈ ಕಾಗದ, ಮೂರೂ ಕೈಚೀಲದಲ್ಲೇ ಇರಲಿ. ಮಂಗಳೂರಿನ ಕೌಂಟರಿನಲ್ಲಿ ಕೂತವರಿಗೆ ಆ ಕಾಗದ ಏನಂತ ನೀನೇ ಹೇಳಬೇಕಾದೀತು.

ಉಳಿದ ದಾಖಲೆ ಕಷ್ಟದ್ದಲ್ಲ: ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್ ಮತ್ತು ವೀಸಾಕ್ಕೆ ಮಾಡಿಸಿದ ಅದರ ಜರ್ಮನ್ ಅನುವಾದ, ಬಾಡಿಗೆ ಕರಾರು, ಆರೋಗ್ಯ ವಿಮೆಯ ಪತ್ರ, ಗಂಡನ ಕಳೆದ ಮೂರು ತಿಂಗಳ ಸಂಬಳದ ಚೀಟಿ. ಶುಲ್ಕ 93 ಯೂರೋ. ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೋ, ಅದನ್ನು ಮೀರಿ ಪರ್ಮಿಟ್ ಕೊಡುವುದಿಲ್ಲ. ಒಟ್ಟಿಗೇ ಬಾಳುತ್ತಿದ್ದೀರಾ ಅಂತ ಇಬ್ಬರನ್ನೂ ಕರೆದು ಕೇಳುವುದುಂಟು. ಹೆದರಬೇಡ, ಇದ್ದದ್ದು ಇದ್ದ ಹಾಗೆ ಹೇಳು.

ಇನ್ನೊಂದು ಸಣ್ಣ ವಿಷಯ. ನಮ್ಮಲ್ಲಿ ಮನೆ ಹೆಸರು ಬರೆದರೆ ಸಾಕು, ತೋಟ ದಾಟಿಯಾದರೂ ಪೋಸ್ಟ್‌ಮ್ಯಾನ್ ಬರುತ್ತಾರೆ. ಅಲ್ಲಿ ಟಪಾಲು ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್. ಗಂಡನ ಹೆಸರು ಮಾತ್ರ ಅಂಟಿಸಿದ್ದರೆ, ನಿನ್ನ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ನಿನ್ನದನ್ನೂ ಕೆಳಗೆ ಅಂಟಿಸು. ಆಫೀಸಿನ ಕಾಗದ ಬರುವುದು ನಿನ್ನ ಹೆಸರಿಗೆ.

ಇನ್ನು ಹೆರಿಗೆ. ಇದನ್ನು ಸಮಾಧಾನದಲ್ಲಿ ಓದು. ಜರ್ಮನಿ ಬಿಟ್ಟು 6 ತಿಂಗಳೊಳಗೆ ಹಿಂದೆ ಹೋಗದಿದ್ದರೆ ಪರ್ಮಿಟ್ ತಾನಾಗಿ ಬಿದ್ದುಹೋಗುತ್ತದೆ. ಕಾರ್ಡಿನ ಮೇಲೆ ಎಷ್ಟೇ ಅವಧಿ ಉಳಿದಿರಲಿ. ಹೆಚ್ಚು ಓದಿ ಕೆಲಸಕ್ಕೆ ಬಂದವರಿಗೆ ಕೊಡುವ ಬ್ಲೂ ಕಾರ್ಡ್ ಇದ್ದವರ ಕುಟುಂಬಕ್ಕೆ 12 ತಿಂಗಳಿದೆ, ಆದರೆ ನಿನ್ನ ಗಂಡನದ್ದು ಬ್ಲೂ ಕಾರ್ಡ್ ಅಲ್ಲ ಅಂತ ಬರೆದಿದ್ದೀ. ಏಳನೇ ತಿಂಗಳಿಗೆ ಬಂದು, ಹೆರಿಗೆ ಮುಗಿಸಿ, ಮೂರು ತಿಂಗಳು ಬಾಣಂತನ ಅಂದರೆ ಆರು ತಿಂಗಳು ಅಲ್ಲಿಗೇ ಮುಗಿಯಿತು, ಅಲ್ವಾ? ಮಗು ಇಲ್ಲಿ ಹುಟ್ಟಿದರೆ ಅದಕ್ಕೆ ಜನನ ಪತ್ರ, ಪಯ್ಯನ್ನೂರಿನಲ್ಲಿ ಪಾಸ್‌ಪೋರ್ಟ್, ಬೆಂಗಳೂರಿನ ಜರ್ಮನ್ ದೂತಾವಾಸದ ಮೂಲಕ ವೀಸಾ. ಆ ವೀಸಾಕ್ಕೇ ತಿಂಗಳುಗಟ್ಟಲೆ ಹಿಡಿಯಬಹುದು. ಕೂಸನ್ನು ಬಿಟ್ಟು ನೀನೊಬ್ಬಳೇ ವಿಮಾನ ಹತ್ತುತ್ತೀಯಾ?

ಬರಲೇಬೇಕೆಂದಿದ್ದರೆ ಹೊರಡುವ ಮೊದಲೇ ಜಾಸ್ತಿ ಅವಧಿ ಬೇಕೆಂದು ಆಫೀಸಿಗೆ ಬರೆದು, ಒಪ್ಪಿಗೆಯನ್ನು ಕಾಗದದಲ್ಲೇ ಪಡೆದುಕೋ. ನನ್ನನ್ನು ಕೇಳಿದರೆ ಅಲ್ಲೇ ಹೆರು. ಖರ್ಚು ಸರ್ಕಾರಿ ಆರೋಗ್ಯ ವಿಮೆ ನೋಡಿಕೊಳ್ಳುತ್ತದೆ, ಸೂಲಗಿತ್ತಿ ಮನೆಗೇ ಬಂದು ಮಗುವನ್ನು ನೋಡುತ್ತಾಳೆ. ಈಗಲೇ ಗೊತ್ತು ಮಾಡಿಕೋ, ಆಮೇಲೆ ಸಿಗುವುದು ಕಷ್ಟ. ಅಮ್ಮನನ್ನು ಕರೆಸಿಕೋ, ಭೇಟಿಯ ವೀಸಾದಲ್ಲಿ 90 ದಿನದವರೆಗೆ ಇರಬಹುದು. ಎಣ್ಣೆಸ್ನಾನ ಅಲ್ಲೂ ಆಗುತ್ತದೆ. ನನ್ನ ಎರಡನೇ ಹೆರಿಗೆಗೆ ನನ್ನ ಅಮ್ಮ ಕಾಳುಮೆಣಸು, ಶುಂಠಿ, ಲೇಹದ ಡಬ್ಬಿ ಕಟ್ಟಿಕೊಂಡು ಬಂದಿದ್ದರು.

ಕೊನೆಯದನ್ನು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಜರ್ಮನಿಯಲ್ಲಿ ಗಂಡನ ಜೊತೆ 3 ವರ್ಷ ಬಾಳಿದ ಮೇಲೆ, ಮುಂದೆ ಬೇರೆಯಾದರೂ ನಿನ್ನದೇ ಹಕ್ಕಿನಲ್ಲಿ ಪರ್ಮಿಟ್ ಕೇಳಬಹುದು. ಮನೆಯಲ್ಲಿ ಹಿಂಸೆ ಇದ್ದರೆ 3 ವರ್ಷ ಆಗಿರಲೇಬೇಕು ಅಂತಿಲ್ಲ. ಹಿಂಸೆಗೊಳಗಾದ ಹೆಂಗಸರ ಸಹಾಯವಾಣಿ 116 016ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಬೇರೆ ಬೇರೆ ಭಾಷೆಗಳಲ್ಲಿ ಮಾತಾಡುತ್ತಾರೆ. ನಿನ್ನ ಗಂಡ ಒಳ್ಳೆಯವರು ಅಂತ ನಿನ್ನ ಮಾತಿನಲ್ಲೇ ಗೊತ್ತಾಗುತ್ತದೆ. ಆದರೆ ನಿನ್ನ ಹಾಗೆ ಬಂದು, ಕಾರ್ಡ್ ಹೋಗುತ್ತದೆ ಅನ್ನುವ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿದ್ದವಳೊಬ್ಬಳನ್ನು ನಾನು ನೋಡಿದ್ದೇನೆ. ಅದಕ್ಕೇ ಹೊಸದಾಗಿ ಬಂದವರಿಗೆಲ್ಲ ಇದನ್ನು ಹೇಳುತ್ತೇನೆ.

ಜರ್ಮನ್ ಫಾರಂ ಅರ್ಥವಾಗುವುದಿಲ್ಲ ಅಂದಿದ್ದೀ. ನಾವು ಕಾಸರಗೋಡಿನವರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಮಲಯಾಳದ ಕಾಗದ ಹಿಡಿದು ನಮ್ಮ ಹಿರಿಯರು ಎಷ್ಟು ಆಫೀಸು ಹತ್ತಿಳಿದರು! ನನ್ನ ಅಜ್ಜ ಓದಿ ಹೇಳುವವರನ್ನು ಹುಡುಕಿ, ಪ್ರತಿ ಸಾಲಿನ ಅರ್ಥ ಕೇಳಿ, ಆಮೇಲೆ ಸಹಿ ಹಾಕುತ್ತಿದ್ದರು. ನೀನೂ ಹಾಗೆಯೇ ಮಾಡು. ಗಂಡ ತುಂಬಲಿ, ಆದರೆ ಜೊತೆಗೆ ಕೂತು ಕೇಳು.

ಇವತ್ತು ರಾತ್ರಿಯೇ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಡು, ಈ ವಾರ ಅರ್ಜಿ ಕಳಿಸು. ಭಾನುವಾರ ನಾನು ಪೆರ್ಲದ ಕಡೆ ಬರುತ್ತೇನೆ. ನಿನ್ನ ಅಮ್ಮನ ಹತ್ತಿರ ಕೂತು ಈ ಆರು ತಿಂಗಳ ಲೆಕ್ಕ ನಾನೇ ಹೇಳುತ್ತೇನೆ. ಅವರಿಗೆ ಪಾಸ್‌ಪೋರ್ಟ್ ಉಂಟಾ ಅಂತ ಅದಕ್ಕೆ ಮೊದಲು ನನಗೆ ತಿಳಿಸು.